ದೊಡ್ಡಮ್ಮ ನೋಡಿದ ಆಲೂಗಡ್ಡೆ

‘ಇವಳಿಗೇನೋ ಆಗಿದೆ ಕಣೋ.’

ದೊಡ್ಡಮ್ಮ ಹೀಗಂದಿದ್ದು ಭಾನುವಾರ. ವಾರ ಮುಗಿಯುತ್ತಾ ಬಂತು, ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ನಾವು ಕೆಲವು ಗೆಳೆಯರು ಕ್ಲಾಸಿಕ್ ಸಿನಿಮಾಗಳ ಪಟ್ಟಿ ಹಿಡಿದು ಒಂದೊಂದಾಗಿ ನೋಡುತ್ತಿದ್ದೇವೆ. ನೋಡಿದ ಮೇಲೆ ಅನ್ನಿಸಿದ್ದನ್ನು ಒಬ್ಬರಿಗೊಬ್ಬರು ಬರೆದು ಕಳಿಸಬೇಕು. ಅಷ್ಟೇ ನಿಯಮ. ಪಟ್ಟಿ ನಮ್ಮದಲ್ಲ, ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯದು. ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ಮತ ಹಾಕಿಸುತ್ತಾರೆ. 1952ರಲ್ಲಿ ‘ಬೈಸಿಕಲ್ ಥೀವ್ಸ್’ ಮೊದಲು ಬಂತು. 1962ರಿಂದ 2002ರವರೆಗೆ ನಡೆದ ಎಲ್ಲ ಸಲವೂ ‘ಸಿಟಿಜನ್ ಕೇನ್’. 2012ರಲ್ಲಿ ‘ವರ್ಟಿಗೋ’. 2022ರಲ್ಲಿ ಇವೆಲ್ಲವನ್ನೂ ಹಿಂದೆ ಹಾಕಿ ಮೇಲೆ ಬಂದಿದ್ದು ‘ಜಾನ್ ಡೀಲ್‌ಮನ್’. ಬೆಲ್ಜಿಯಂನ ಶಾಂಟಾಲ್ ಅಕರ್ಮನ್ 1975ರಲ್ಲಿ ಮಾಡಿದ ಸಿನಿಮಾ. ಪೂರ್ತಿ ಹೆಸರಿನಲ್ಲಿ ಮನೆ ನಂಬರು, ಬೀದಿ, ಪಿನ್‌ಕೋಡು, ಬ್ರಸೆಲ್ಸ್ ಎಲ್ಲ ಇದೆ. ಕಾಗದ ಬರೆದು ಹಾಕಬಹುದು, ಹಾಗಿದೆ.

ಕತೆ ಅಂತ ಹೇಳೋಕೆ ಹೋದರೆ ಎರಡೇ ಸಾಲು. ಗಂಡ ಸತ್ತಿರುವ ಹೆಂಗಸು, ಶಾಲೆಗೆ ಹೋಗುವ ಮಗ. ಅವಳ ಮೂರು ದಿನ. ಹಾಸಿಗೆ ಸರಿಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮಗನ ಬೂಟು ಉಜ್ಜುತ್ತಾಳೆ. ಮಧ್ಯಾಹ್ನ ಒಬ್ಬ ಗಂಡಸು ಬರುತ್ತಾನೆ, ಕೋಣೆಯ ಬಾಗಿಲು ಹಾಕಿಕೊಳ್ಳುತ್ತದೆ. ಹೋಗುವಾಗ ಅವನು ಕೊಟ್ಟ ದುಡ್ಡನ್ನು ಊಟದ ಮೇಜಿನ ಮೇಲಿರುವ ಮುಚ್ಚಳದ ಬಟ್ಟಲಿಗೆ ಹಾಕುತ್ತಾಳೆ. ಅಷ್ಟು ಹೊತ್ತು ಒಲೆ ಮೇಲೆ ಆಲೂಗಡ್ಡೆ ಬೇಯುತ್ತಿರುತ್ತದೆ. ಒಟ್ಟು 201 ನಿಮಿಷ. ಕ್ಯಾಮೆರಾ ಇಟ್ಟಲ್ಲೇ ಇರುತ್ತದೆ. ಅವಳು ಸಿಂಕಿನ ಕಡೆ ತಿರುಗಿದರೆ ನಮಗೆ ಬೆನ್ನು ಮಾತ್ರ.

ನಮ್ಮ ಗುಂಪಿನಲ್ಲಿ ಒಬ್ಬನಿದ್ದಾನೆ. ಎಲ್ಲರಿಗಿಂತ ಮೊದಲು ನೋಡಿ ಮುಗಿಸಬೇಕು ಅವನಿಗೆ. ಪಟ್ಟಿಯಲ್ಲಿ ಟಿಕ್ ಹಾಕೋದರಲ್ಲಿ ಸಿಗುವ ಖುಷಿ ಸಿನಿಮಾದಲ್ಲಿ ಸಿಗುತ್ತೋ ಇಲ್ವೋ ಅಂತ ನನಗೆ ಅನುಮಾನ. ಇದನ್ನು ಡಬಲ್ ಸ್ಪೀಡಿನಲ್ಲಿ ಓಡಿಸಿ, ‘ಒಂದು ಗಂಟೆ ನಲವತ್ತು ನಿಮಿಷಕ್ಕೆ ಮುಗಿಸಿದೆ ಗುರೂ. ಕೊನೇಲಿ ಬಿಟ್ರೆ ಏನೂ ಆಗಲ್ಲ’ ಅಂತ ಬರೆದ. ಇನ್ನೊಬ್ಬಳು ಬರೆದಿದ್ದು ‘ಮಾಸ್ಟರ್‌ಪೀಸ್’ ಅಂತ ಒಂದೇ ಪದ. ಅವಳು ಎಲ್ಲದಕ್ಕೂ ಅದನ್ನೇ ಬರೆಯುತ್ತಾಳೆ. ಸತ್ಯ ಹೇಳಬೇಕೆಂದರೆ ನನಗೆ ಮೊದಲನೆಯವನೇ ವಾಸಿ ಅನ್ನಿಸುತ್ತಾನೆ, ಬೇಜಾರಾದರೆ ಬೇಜಾರಾಯ್ತು ಅಂತಾನಾದರೂ ಹೇಳುತ್ತಾನೆ.

ನಾನು ಹಾಕಿಕೊಂಡು ಕೂತಾಗ ದೊಡ್ಡಮ್ಮ ಪಕ್ಕದ ಕುರ್ಚಿಯಲ್ಲಿದ್ದರು. ಅವರಿಗೂ ಪಟ್ಟಿಗೂ ಸಂಬಂಧವಿಲ್ಲ. ಸುಮ್ನೆ ಕೂತಿದ್ದರು, ಕೈಯಲ್ಲಿ ಫೋನು, ಆಗಾಗ ತಲೆ ಎತ್ತಿ ನೋಡೋದು. ಫ್ರೆಂಚ್ ಬರಲ್ಲ, ಕೆಳಗೆ ಓಡುವ ಸಾಲುಗಳನ್ನು ಓದೋ ಗೋಜಿಗೂ ಹೋಗಲಿಲ್ಲ. ಸಿನಿಮಾದಲ್ಲಿ ಮಾತೂ ಅಷ್ಟರಲ್ಲೇ ಇದೆ ಬಿಡಿ. ಮೊದಲ ದಿನದ ಕೆಲಸವೆಲ್ಲ ಮುಗೀತು. ಎರಡನೇ ದಿನ ಬಂದವನು ಹೋದ. ಅವಳು ಅಡುಗೆಮನೆಗೆ ಬಂದಳು, ಪಾತ್ರೆ ಎತ್ತಿಕೊಂಡಳು. ಅದನ್ನು ಹಿಡಿದುಕೊಂಡು ಬಚ್ಚಲುಮನೆಗೆ ಹೋದಳು. ಮತ್ತೆ ವಾಪಸ್ ಬಂದಳು. ನಾನು ನೋಡುತ್ತಲೇ ಇದ್ದೆ, ಮುಂದೇನಾಗುತ್ತೋ ಅಂತ.

ಆಗ ಬಂತು ಮಾತು. ‘ಇವಳಿಗೇನೋ ಆಗಿದೆ ಕಣೋ.’

‘ಏನಾಗಿದೆ?’

‘ಆಲೂಗಡ್ಡೆ ಬೆಂದು ಮುದ್ದೆಯಾಗಿದೆ. ಎಲ್ಲಿ ಚೆಲ್ಲಬೇಕು ಅಂತಾನೂ ಗೊತ್ತಾಗ್ತಿಲ್ಲ ಅವಳಿಗೆ. ನಿನ್ನೆ ಹಾಗಿರಲಿಲ್ಲ.’

‘ನಿನ್ನೆ’ ಅಂದರು! ಸಿನಿಮಾದ ನಿನ್ನೆ. ಫೋನು ನೋಡುತ್ತಾ ಕೂತ ಹೆಂಗಸು ಆ ಮನೆಯ ನಿನ್ನೆಯನ್ನು ಅಷ್ಟು ಸರಿಯಾಗಿ ನೆನಪಿಟ್ಟುಕೊಂಡಿದ್ದರು. ಆಮೇಲೆ ನಿಲ್ಲಲೇ ಇಲ್ಲ. ‘ಬಟ್ಟಲಿನ ಮುಚ್ಚಳ ಹಾಕಿಲ್ಲ ನೋಡು.’ ‘ತಲೆ ಬಾಚಿಕೊಂಡಿಲ್ಲ.’ ಹೊಸದಾಗಿ ಆಲೂಗಡ್ಡೆ ತಂದು ಕೂತು ಸಿಪ್ಪೆ ತೆಗೆಯುವ ಉದ್ದನೆಯ ಶಾಟ್ ಒಂದಿದೆ. ಚಾಕು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ಜೋರಾಗುತ್ತದೆ. ಗೆಳೆಯ ಅದನ್ನು ಡಬಲ್ ಸ್ಪೀಡಿನಲ್ಲಿ ನೋಡಿದ್ದಾನೆ. ಹಾಗೆ ನೋಡಿದರೆ ಅದು ಕಾಮಿಡಿ ಸೀನು. ದೊಡ್ಡಮ್ಮ ಮಾತ್ರ ಫೋನು ಪಕ್ಕಕ್ಕಿಟ್ಟು, ಮುಂದಕ್ಕೆ ಬಾಗಿ ನೋಡುತ್ತಿದ್ದರು.

ಹಿಂದಿನ ಪಟ್ಟಿಗಳಲ್ಲಿ ಈ ಸಿನಿಮಾ ಯಾಕೆ ಇಷ್ಟು ಮೇಲೆ ಬರಲಿಲ್ಲ ಅಂತ ಯೋಚಿಸುತ್ತಿದ್ದೆ. 2012ರಲ್ಲಿ ಮತ ಹಾಕಿದವರು 846 ಮಂದಿ, 2022ರಲ್ಲಿ 1,639. ಸಿನಿಮಾ ಅದೇ. ಮತ ಹಾಕುವವರು ಜಾಸ್ತಿಯಾದರು, ಬೇರೆ ಬೇರೆ ಕಡೆಯವರೂ ಬಂದರು. ಫಲಿತಾಂಶ ಬಂದಾಗ, ಇದು ಸಿನಿಮಾ ನೋಡಿ ಹಾಕಿದ ಮತವಲ್ಲ, ಹೆಣ್ಣು ನಿರ್ದೇಶಕಿ ಅಂತ ಹಾಕಿದ್ದು ಅಂತ ಗೊಣಗಿದವರೂ ಇದ್ದರು. ನನಗೆ ಆ ವಾದ ಒಪ್ಪಿಗೆಯಾಗಲ್ಲ. ‘ಕೇನ್’ ಮಾಡಿದಾಗ ಆರ್ಸನ್ ವೆಲ್ಸ್‌ಗೆ 25ರ ವಯಸ್ಸು, ಇದನ್ನು ಮಾಡಿದಾಗ ಅಕರ್ಮನ್‌ಗೂ ಹೆಚ್ಚುಕಮ್ಮಿ ಅಷ್ಟೇ. ವೆಲ್ಸ್ ಕತೆಯಲ್ಲಿ ಒಬ್ಬ ಪತ್ರಿಕೆ ಕಟ್ಟುತ್ತಾನೆ, ಚುನಾವಣೆಗೆ ನಿಲ್ಲುತ್ತಾನೆ, ಅರಮನೆಯಂಥ ಮನೆಯಲ್ಲಿ ಒಬ್ಬನೇ ಸಾಯುತ್ತಾನೆ. ಅದನ್ನೆಲ್ಲ ‘ಆಗೋದು’ ಅಂತ ಯಾರೂ ನಮಗೆ ತಿಳಿಸಿ ಹೇಳಬೇಕಾಗಿಲ್ಲ. ಆಲೂಗಡ್ಡೆ ಮುದ್ದೆಯಾದರೆ ಅದೂ ಆಗೋದೇ ಅಂತ ಒಪ್ಪಿಕೊಳ್ಳೋಕೆ ವಿಮರ್ಶಕರಿಗೆ ನಲವತ್ತು ವರ್ಷದ ಮೇಲೆ ಬೇಕಾಯಿತು. ದೊಡ್ಡಮ್ಮನಿಗೆ ಆ ಪಾತ್ರೆ ನೋಡಿದ್ದೇ ಸಾಕಾಯಿತು.

ಹಾಗಂತ ದೊಡ್ಡಮ್ಮನಿಗೆ ಸಿನಿಮಾ ಹಿಡಿಸಿತು ಅಂದುಕೊಳ್ಳಬೇಡಿ. ಸಿನಿಮಾದ ಮಗ ಊಟ ಮಾಡುತ್ತಾ ಪುಸ್ತಕ ಓದುತ್ತಾನೆ. ತಾಯಿ ಬೇಡ ಅನ್ನುತ್ತಾಳೆ. ಮನೆಯಲ್ಲಿ ಇಷ್ಟೆಲ್ಲ ಬುಡಮೇಲಾಗುತ್ತಿದ್ದರೂ ಅವನಿಗೆ ಕಾಣೋದು ಅವಳ ಕೆದರಿದ ಕೂದಲು ಮಾತ್ರ. ದೊಡ್ಡಮ್ಮನಿಗೆ ಅವನ ಮೇಲೆ ವಿಪರೀತ ಸಿಟ್ಟು ಬಂತು. ‘ತಟ್ಟೆ ಎತ್ತಿಡೋಕಾಗಲ್ವಾ ಇವನಿಗೆ?’ ಅಂದವರು ಕೊನೆಯ ತನಕ ಕೂರಲಿಲ್ಲ, ಎದ್ದು ಮಲಗೋಕೆ ಹೋದರು.

ಕೊನೆಯಲ್ಲಿ ಏನಾಗುತ್ತೆ ಅಂತ ಮರುದಿನ ಅವರಿಗೆ ಹೇಳಿದೆ. ನೋಡದವರು ನೋಡಲಿ, ಇಲ್ಲಿ ಬರೆಯೋದಿಲ್ಲ. ಕೇಳಿ ಗಾಬರಿಯಾಗುತ್ತಾರೆ ಅಂದುಕೊಂಡಿದ್ದೆ. ‘ಹೂಂ, ಅವತ್ತೇ ಅಂದೆನಲ್ಲ’ ಅಂದರು.

ಗೆಳೆಯನಿಗೆ ಇದಿಷ್ಟನ್ನೂ ಬರೆದು ಕಳಿಸಿದ್ದೇನೆ. ಮಾಮೂಲಿ ವೇಗದಲ್ಲಿ ಇನ್ನೊಂದು ಸಲ ನೋಡು ಅಂತ ಕೇಳಿಕೊಂಡಿದ್ದೇನೆ. ಅವನು ಆಗಲೇ ‘ಟೋಕಿಯೋ ಸ್ಟೋರಿ’ ಮುಗಿಸಿ ಟಿಕ್ ಹಾಕಿದ್ದಾನಂತೆ.