ಕಾಲುವೆ ದಂಡೆಯ ಹಾದಿ: ಸುರಪುರದಿಂದ ಹುಣಸಗಿಗೆ ಸೈಕಲ್ ಮೇಲೆ

ಬೋನಾಳ ಕೆರೆಯ ಒಡ್ಡಿನ ಮೇಲೆ ಸೈಕಲ್ ತುಳಿಯುವವರಿಗೆ ಎದುರಾಗುವ ದೊಡ್ಡ ವಾಹನವೆಂದರೆ ಎತ್ತಿನ ಬಂಡಿ. ಬಂಡಿ ಹೊಡೆಯುವವರು ದೂರದಿಂದಲೇ ನೋಡಿ ಒಂದು ಮಗ್ಗುಲಿಗೆ ಸರಿಯುತ್ತಾರೆ, ಯಾವ ಊರು ಎಂದು ಕೇಳುತ್ತಾರೆ, ಉತ್ತರ ಕೇಳುವುದಕ್ಕಾಗಿ ಎತ್ತುಗಳನ್ನೂ ನಿಲ್ಲಿಸುತ್ತಾರೆ. ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಸೀಮೆಯಲ್ಲಿ ಇಂಥ ಹಾದಿಗಳು ಬೇಕಾದಷ್ಟಿವೆ. ಕೆರೆಯ ಒಡ್ಡು, ಕಾಲುವೆಯ ದಂಡೆ, ಹೊಲಗಳ ನಡುವಿನ ಬಂಡಿದಾರಿ. ಯಾರೂ ಇವನ್ನು ಸೈಕಲ್ ಸವಾರರಿಗೆಂದು ಮಾಡಿಲ್ಲ. ಆದರೆ ಲಾರಿಯ ಹಾರ್ನ್ ಕಿವಿಗೆ ಬೀಳದೆ ಬೆಳಗಿನಿಂದ ಸಂಜೆಯವರೆಗೆ ಸೈಕಲ್ ತುಳಿಯಬೇಕೆನ್ನುವವರಿಗೆ ನಾನು ಈ ಸೀಮೆಯನ್ನೇ ತೋರಿಸುತ್ತೇನೆ.

ಕಲಬುರಗಿಯಲ್ಲಿ ಸೈಕಲ್ ತುಳಿಯುವುದೆಂದರೆ ಬೆನ್ನ ಹಿಂದೆ ಕಣ್ಣಿಟ್ಟುಕೊಂಡು ಹೋಗುವುದು. ವರ್ತುಲ ರಸ್ತೆಯಲ್ಲಿ ಒಂದು ಟ್ರಕ್ ಪಕ್ಕದಲ್ಲಿ ಹಾದರೆ ಸಾಕು, ಹ್ಯಾಂಡಲ್ ತಾನಾಗಿಯೇ ಅಲ್ಲಾಡುತ್ತದೆ. ಅಕ್ಕನ ಮಗಳು ಪದವಿ ಓದುತ್ತಿದ್ದಾಳೆ. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನು ಇನ್ನೂ ಬಿಟ್ಟಿಲ್ಲ. 2006–07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲುಗಳು ನಮ್ಮ ಭಾಗದ ಎಷ್ಟು ಹೆಣ್ಣುಮಕ್ಕಳನ್ನು ಪಕ್ಕದೂರಿನ ಹೈಸ್ಕೂಲಿಗೆ ಮುಟ್ಟಿಸಿವೆ ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂತೋಷವಾಗುತ್ತದೆ. ಅವಳ ಸೈಕಲ್ಲಿನ ಸೀಟು ಬದಲಾಗಿದೆ, ಚೈನು ಬದಲಾಗಿದೆ, ಫ್ರೇಮು ಮಾತ್ರ ಅದೇ. "ಮಾಮಾ, ಗಾಡಿಗಳಿಲ್ಲದ ಕಡೆ ಒಮ್ಮೆ ಕರೆದುಕೊಂಡು ಹೋಗು" ಎಂದು ಅವಳು ಕೇಳುತ್ತಲೇ ಇದ್ದಳು. ಎಳ್ಳ ಅಮಾವಾಸ್ಯೆಯ ರಜೆ ಸಿಕ್ಕಿತು. ಹಿಂದಿನ ದಿನವೇ ಎರಡೂ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಕಟ್ಟಿಸಿ ಹೊರಟೆವು.

ಜೇವರ್ಗಿ, ಶಹಾಪುರ ದಾಟಿ ಹೋಗುವ ದಾರಿ ಅದು. ಭೀಮರಾಯನಗುಡಿಯ ಹತ್ತಿರ ಬಲು ಜನ ಕಿಟಕಿಯತ್ತ ಬಾಗುತ್ತಾರೆ. ಶಹಾಪುರದ ಗುಡ್ಡಗಳ ಸಾಲು ಅಲ್ಲಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಒಂದೇ ಗೆರೆಯಲ್ಲಿ. ರಾತ್ರಿ ಸುರಪುರದಲ್ಲಿ ತಂಗಿ, ಬೆಳಿಗ್ಗೆ ಒಂದು ತಟ್ಟೆ ಸುಸಲಾ, ಬಿಸಿ ಮಿರ್ಚಿ ಭಜಿ ತಿಂದು ಸೈಕಲ್ ಏರಿದೆವು.

ಸುರಪುರ ಬಂಡೆಗಳ ಊರು. ಊರಿನ ಗುಡ್ಡವೊಂದರ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇದೆ. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದ, 1853ರವರೆಗೆ ಇದ್ದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಮುಂದೆ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದು 1858ರಲ್ಲಿ ಪ್ರಾಣ ಕಳೆದುಕೊಂಡ. ಆ ಕಥೆಯನ್ನು ಅರ್ಧ ಹೇಳುವಷ್ಟರಲ್ಲಿ ಇಳಿಜಾರು ಶುರುವಾಯಿತು, ಅಕ್ಕನ ಮಗಳು ಬ್ರೇಕ್ ಬಿಟ್ಟು ಮುಂದೆ ಹೋಗಿಬಿಟ್ಟಳು. ಉಳಿದರ್ಧವನ್ನು ಬೋನಾಳದಲ್ಲಿ ಹೇಳಿದೆ. ಅಲ್ಲಿ ಹೇಳುವುದೇ ಸರಿಯಾಗಿತ್ತು, ಏಕೆಂದರೆ ಆ ಕೆರೆಗೂ ಟೇಲರನ ನಂಟಿದೆ. ಸುರಪುರದ ಪಾಮ ನಾಯಕನ ಕಾಲದಲ್ಲಿ ಕಟ್ಟಿದ್ದೆನ್ನುವ ಕೆರೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಕಟ್ಟಿಸಿದವನು ಅವನೇ.

ಬೋನಾಳ ಸುರಪುರದಿಂದ ಹತ್ತು ಕಿಲೋಮೀಟರ್ ಆಸುಪಾಸು. ಊರು ದಾಟಿ ಕೆರೆಯ ಒಡ್ಡು ಏರಿದ ಕೂಡಲೇ ಗಾಳಿಯೇ ಬೇರೆ. ಒಂದು ಕಡೆ ನೀರು, ಇನ್ನೊಂದು ಕಡೆ ಹಸಿರು ಗದ್ದೆ, ನಡುವೆ ಸೈಕಲ್ಲಿನ ಎರಡು ಗಾಲಿಗೆ ಬೇಕಾದಷ್ಟು ಮಣ್ಣಿನ ಹಾದಿ. ಇದು ರಾಜ್ಯದ ದೊಡ್ಡ ಪಕ್ಷಿಧಾಮಗಳಲ್ಲಿ ಒಂದು. ರಂಗನತಿಟ್ಟಿನ ನಂತರದ್ದು ಇದೇ ಎಂದು ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಆದರೂ ನಾವು ಹೋದ ಹೊತ್ತಿನಲ್ಲಿ ಹಕ್ಕಿ ನೋಡಲು ಬಂದವರು ಮತ್ತೊಬ್ಬರಿರಲಿಲ್ಲ. ಜೊಂಡಿನ ಅಂಚಿನಲ್ಲಿ ನೇರಳೆ ಬಣ್ಣದ ಜಂಬುಕೋಳಿಗಳು ಕೆಂಪು ಕಾಲುಗಳನ್ನು ಎತ್ತೆತ್ತಿ ಇಡುತ್ತಿದ್ದವು. ಒಂದು ಕೋಳಿ ಜೊಂಡಿನ ದಂಟನ್ನು ಕಾಲಿನಲ್ಲಿಯೇ ಹಿಡಿದು, ಕೊಕ್ಕಿನಿಂದ ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು ಮಾತ್ರ ತಿಂದಿತು. ಅಷ್ಟು ಹತ್ತಿರದಿಂದ ಅದನ್ನು ನೋಡಲು ಸಿಕ್ಕಿದ್ದು ಸೈಕಲ್ಲಿನ ಪುಣ್ಯ. ಮೋಟಾರ್ ಸೈಕಲ್ ಬಂದಿದ್ದರೆ ಅದು ಎಂದೋ ಜೊಂಡಿನೊಳಗೆ ಸೇರಿರುತ್ತಿತ್ತು. ಕರಿ ಕೆಂಬರಲು, ಬಿಳಿ ಕೆಂಬರಲು ಎರಡೂ ಇದ್ದವು. ದೂರದ ದಡದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಗುಂಪು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನಮ್ಮ ಬಯಲುಸೀಮೆಯ ಕೆರೆಗಳಿಗೆ ಚಳಿಗಾಲ ಕಳೆಯಲು ಬರುವ ಹಕ್ಕಿಗಳಿವು. ಹಗಲು ನೀರಿನ ಹತ್ತಿರ ವಿಶ್ರಾಂತಿ, ಕತ್ತಲಾದಂತೆ ಹೊಲಗಳಲ್ಲಿ ಮೇವು. ಅವುಗಳನ್ನು ಬಿಟ್ಟು ಹೊರಡಲು ಅಕ್ಕನ ಮಗಳಿಗೆ ಮನಸ್ಸೇ ಬರಲಿಲ್ಲ.

ಅಲ್ಲಿಂದ ಹುಣಸಗಿ ಕಡೆಗೆ ಡಾಂಬರು ರಸ್ತೆ ಇದೆ. ಭತ್ತದ ಚೀಲ ಹೇರಿದ ಲಾರಿಗಳೂ ಹತ್ತಿ ತುಂಬಿದ ಟ್ರ್ಯಾಕ್ಟರುಗಳೂ ಓಡಾಡುವ ರಸ್ತೆ. ಸ್ವಲ್ಪ ದೂರ ಅದರ ಮೇಲೆಯೇ ಹೋಗಿ, ಹಳ್ಳಿಯವರನ್ನು ಕೇಳಿಕೊಂಡು, ಸಿಕ್ಕ ಮೊದಲ ತಿರುವಿನಲ್ಲಿ ಕಾಲುವೆಗೆ ಇಳಿದೆವು.

ನಾರಾಯಣಪುರದಲ್ಲಿ ಕೃಷ್ಣಾ ನದಿಗೆ ಕಟ್ಟಿದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯ ಜಾಲ ಇದು. ಮುಖ್ಯ ಕಾಲುವೆಯೇ 78 ಕಿಲೋಮೀಟರ್. ಅದರಿಂದ ಶಹಾಪುರಕ್ಕೆ, ಜೇವರ್ಗಿಗೆ, ಇಂಡಿಗೆ ಶಾಖೆಗಳು, ಶಾಖೆಗಳಿಂದ ವಿತರಣಾ ಕಾಲುವೆಗಳು, ಕೊನೆಗೆ ಹೊಲಗಾಲುವೆಗಳು. ದೊಡ್ಡ ಕಾಲುವೆಗಳ ಪಕ್ಕದಲ್ಲೆಲ್ಲ ನೀರಾವರಿ ಸಿಬ್ಬಂದಿ ಗೇಟು ನೋಡಿಕೊಳ್ಳಲು, ಹೂಳು ತೆಗೆಸಲು ಓಡಾಡುವ ಗರಸಿನ ರಸ್ತೆ ಇರುತ್ತದೆ. ಸೈಕಲ್ ಸವಾರನಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಸಿಗದು. ನೀರು ತಾನಾಗಿಯೇ ಹರಿದು ಹೋಗಬೇಕಾದ್ದರಿಂದ ಕಾಲುವೆ ನೆಲದ ಮಟ್ಟವನ್ನು ಹಿಡಿದುಕೊಂಡೇ ಸಾಗುತ್ತದೆ. ಗುಡ್ಡ ಬಂದರೆ ಸುತ್ತು ಹಾಕುತ್ತದೆಯೇ ಹೊರತು ಏರುವುದಿಲ್ಲ. ಅದರ ಜೊತೆಗೆ ರಸ್ತೆಯೂ ಏರಿಲ್ಲದೆ, ಇಳಿಜಾರಿಲ್ಲದೆ ಸಾಗುತ್ತದೆ. ಗೇರ್ ಇಲ್ಲದ ಶಾಲೆಯ ಸೈಕಲ್ಲಿಗೂ ಅಲ್ಲಿ ದಣಿವಿಲ್ಲ. ನೀರಿನ ದಿಕ್ಕಿಗೆ ಎದುರಾಗಿ ನಾವು ತುಳಿಯುತ್ತಿದ್ದೆವು, ಆದರೆ ಅದು ಕಾಲಿಗೆ ಗೊತ್ತಾಗಲೇ ಇಲ್ಲ.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಈ ಕಾಲುವೆಗಳ ಅಂಚಿಗೆ ತಡೆಗೋಡೆ ಇಲ್ಲ. ಒಳಮೈ ಕಾಂಕ್ರೀಟು, ಪಾಚಿ ಕಟ್ಟಿ ಜಾರುತ್ತದೆ, ನೀರಿನ ಸೆಳೆತ ಮೇಲಿನಿಂದ ತಿಳಿಯುವುದಿಲ್ಲ. ಕೈಕಾಲು ತೊಳೆಯಲು ಇಳಿದವರು ಮೇಲೆ ಬಾರದ ಸುದ್ದಿಗಳನ್ನು ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಮಕ್ಕಳನ್ನು ಕರೆದೊಯ್ಯುವವರು ಹೊಲದ ಕಡೆಯ ಅಂಚಿನಲ್ಲೇ ಸೈಕಲ್ ಹೊಡೆಸಬೇಕು, ಕತ್ತಲಾದ ಮೇಲೆ ಅಲ್ಲಿ ಇರಲೇಬಾರದು.

ಎರಡನೆಯ ಅಪಾಯ ಜಾಲಿ ಮುಳ್ಳಿನದು, ಅದು ಪ್ರಾಣಕ್ಕೇನೂ ಕುತ್ತಲ್ಲ. ದಂಡೆಯುದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿದೆ. ಅಕ್ಕನ ಮಗಳ ಹಿಂದಿನ ಗಾಲಿ ಕುಸಿಯಿತು. ಟೈರಿನ ಒಂದು ಅಂಚನ್ನು ಎಬ್ಬಿಸಿ ಟ್ಯೂಬ್ ಹೊರಗೆಳೆದು ಗಾಳಿ ಹಾಕಿದೆವು. ಪಕ್ಕದ ಹೊಲಗಾಲುವೆಯ ಮೊಣಕಾಲುದ್ದದ ನೀರಿನಲ್ಲಿ ಟ್ಯೂಬನ್ನು ಗೇಣು ಗೇಣಾಗಿ ಮುಳುಗಿಸುತ್ತಾ ಬಂದಳು. ಒಂದು ಕಡೆ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಅಲ್ಲಿಗೆ ಬೆರಳಿಟ್ಟು ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ ಆರಲು ಬಿಟ್ಟು, ತೇಪೆ ಒತ್ತಿದಳು. ಟೈರಿನ ಒಳಗೆ ಕೈಯಾಡಿಸಿದಾಗ ಮುಳ್ಳಿನ ತುದಿ ಇನ್ನೂ ಅಲ್ಲೇ ಇತ್ತು. ಅದನ್ನು ಕೀಳದೆ ಗಾಳಿ ತುಂಬಿದ್ದರೆ ಇನ್ನೊಂದು ತೂತು ಬೀಳುತ್ತಿತ್ತು. ಹೈಸ್ಕೂಲಿನ ದಾರಿಯಲ್ಲಿ ಕಲಿತ ಕೆಲಸವಂತೆ.

ಪಂಪು ಹೊಡೆಯುತ್ತಿರುವಾಗಲೇ ಹೊಲದಿಂದ ಕರೆ ಬಂತು. ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ದಂಟಿನ ಪುಟ್ಟ ಕೊಂಪೆಯಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಹೊಲದ ತುಂಬ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ, ಆಮೇಲೆ ಊಟ. "ಎದ್ದು ಬಾ ತಾಯಿ, ಊಟದ ಹೊತ್ತಿನಲ್ಲಿ ಹಾಗೆಯೇ ಹೋಗಬಾರದು" ಎಂದು ಮನೆಯ ಹಿರಿಯ ಅಜ್ಜಿ ಅಕ್ಕನ ಮಗಳ ಕೈ ಹಿಡಿದೇ ಕೂರಿಸಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಸೇರಿಸಿ ಕುದಿಸಿದ ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅಂಬಲಿ. ಸುತ್ತಲೂ ಎದೆಮಟ್ಟದ ಹಿಂಗಾರಿ ಜೋಳ.

ಮನೆಯ ಯಜಮಾನರಿಗೆ ನಾವು ಕಾಲುವೆ ದಂಡೆ ಹಿಡಿದು ಬಂದದ್ದು ಮೆಚ್ಚುಗೆಯಾಯಿತು. ಅವರ ಮಕ್ಕಳು ಶಾಲೆಗೆ ಹೋದದ್ದೂ ಇದೇ ದಂಡೆಯ ಮೇಲಂತೆ. "ಸೈಕಲ್ ಬರಲಿ ಸರ್, ಎಷ್ಟಾದರೂ ಬರಲಿ. ಮರಳಿನ ಟಿಪ್ಪರ್ ಬಂದರೆ ದಂಡೆ ಕುಸಿಯುತ್ತದೆ, ನಮ್ಮ ಹೊಲಕ್ಕೆ ನೀರು ನುಗ್ಗುತ್ತದೆ" ಎಂದರು. ನನಗೆ ಹಿಡಿಸಿದ್ದು ಈ ಮಾತು. ದಂಡೆಯ ಎರಡು ತುದಿಗೆ ಒಂದೊಂದು ಗೇಟು ಹಾಕಿ, ಇಲಾಖೆಯ ಜೀಪಿಗೆ ಮಾತ್ರ ಬೀಗ ತೆಗೆದು, ಬಂಡಿಗೆ, ಸೈಕಲ್ಲಿಗೆ, ನಡೆಯುವವರಿಗೆ ಪಕ್ಕದಲ್ಲಿ ಜಾಗ ಬಿಟ್ಟರೆ ದಂಡೆಯೂ ಉಳಿಯುತ್ತದೆ, ಹಾದಿಯೂ ಉಳಿಯುತ್ತದೆ. ಜಾಲಿ ಕಡಿದು ಬೇವು, ಹೊಂಗೆ ನೆಟ್ಟರೆ ನೆರಳು ಸಿಗುತ್ತದೆ. ಹೊಸದಾಗಿ ರಸ್ತೆ ಕಟ್ಟುವ ಖರ್ಚೇ ಇಲ್ಲ.

ಬೇರೆ ಕಡೆ ಮಾಡಿಯೂ ತೋರಿಸಿದ್ದಾರೆ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಯೋ ಕೌಂಟಿಯಲ್ಲಿ ವೆಸ್ಟ್‌ಪೋರ್ಟ್‌ನಿಂದ ಅಕಿಲ್‌ವರೆಗಿನ ರೈಲು ಮಾರ್ಗ 1937ರಲ್ಲಿ ಮುಚ್ಚಿತು. ಆ ಹಳಿಯ ಜಾಡಿನಲ್ಲೇ ನಲವತ್ತು ಕಿಲೋಮೀಟರಿಗೂ ಉದ್ದದ, ಮೋಟಾರು ವಾಹನಗಳಿಲ್ಲದ ಸೈಕಲ್ ಹಾದಿ ಮಾಡಿದ್ದಾರೆ. ಕಡಲು, ಕಾಡು, ಹುಲ್ಲುಗಾವಲುಗಳ ಪಕ್ಕದಲ್ಲಿ ಸಾಗುವ ಆ ಹಾದಿಗೆ ಜಮೀನಿನವರೇ ತಮ್ಮ ನೆಲದ ಮೇಲೆ ಓಡಾಡಲು ಒಪ್ಪಿಗೆ ಕೊಟ್ಟಿದ್ದಾರೆ. ನಮ್ಮಲ್ಲಿ ಕಡಲಿಲ್ಲ, ಕೃಷ್ಣೆಯ ನೀರಿದೆ. ಒಪ್ಪಿಗೆ ಕೊಡುವ ರೈತರು ಆಗಲೇ ಕರೆದು ಊಟಕ್ಕೆ ಬಡಿಸುತ್ತಿದ್ದಾರೆ.

ಮಧ್ಯಾಹ್ನದ ಮೇಲೆ ಇಸಾಂಪುರದ ಕಡೆ ತಿರುಗಿದೆವು. ಹೆಸರು ಕೇಳಿದವರು ಕಡಿಮೆ, ಆದರೆ ಪ್ರಾಗಿತಿಹಾಸ ಓದಿದವರಿಗೆ ಇದು ದೊಡ್ಡ ಊರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ ಕಣಿವೆಯಲ್ಲಿ ದಶಕಗಳ ಕಾಲ ಶೋಧ ನಡೆಸಿದರು. ಇಸಾಂಪುರದಲ್ಲಿ ಅವರು ಅಗೆದಾಗ ಸಿಕ್ಕಿದ್ದು ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ, ಒಡೆದು, ಕೈಕೊಡಲಿ ಮಾಡುತ್ತಿದ್ದ ಜಾಗ. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ. ಈಗ ಅಲ್ಲಿ ನೋಡಲು ಸುತ್ತಲಿನ ಹೊಲಗಳೂ ಬೂದು ಬಣ್ಣದ ಚಪ್ಪಡಿ ಕಲ್ಲುಗಳೂ ಮಾತ್ರ. ಆದರೂ ಸೈಕಲ್ ನಿಲ್ಲಿಸಿ ಸುಮ್ಮನೆ ಒಂದು ಸುತ್ತು ಹಾಕುವುದು ಬೇಡವೆನಿಸಲಿಲ್ಲ. ಈ ಕಣಿವೆಯಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಗಳಿವೆ. ಆಗಿನವರು ಇಲ್ಲಿ ನೆಲೆ ನಿಲ್ಲಲು ಕಲ್ಲಿನಷ್ಟೇ ಆ ನೀರೂ ಕಾರಣ. ಹೋದವರು ಕಲ್ಲಿನ ಚೂರನ್ನೂ ಎತ್ತಿಕೊಂಡು ಬರಬಾರದು. ಸಂಶೋಧಕರಿಗೆ ಅದು ಬಿದ್ದಿರುವ ಜಾಗವೇ ಮುಖ್ಯ.

ಹುಣಸಗಿ ತಲುಪಿದಾಗ ಬಿಸಿಲು ಇನ್ನೂ ಇತ್ತು. ನವೆಂಬರಿನಿಂದ ಫೆಬ್ರುವರಿಯವರೆಗೆ ಈ ಹಾದಿಗೆ ಬರಬಹುದು. ಆಮೇಲೆ ಬಿಸಿಲು ತಡೆಯಲಾಗದು, ಬೇಸಿಗೆ ಏರಿದಂತೆ ಕಾಲುವೆಗೆ ನೀರು ಬಿಡುವುದೂ ನಿಲ್ಲುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ತೇಪೆಯ ಡಬ್ಬಿ, ಪಂಪು, ಎರಡು ಬಾಟಲಿ ಕುಡಿಯುವ ನೀರು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಸೈಕಲ್ಲುಗಳಿಗೆ ಲಗೇಜ್ ಟಿಕೆಟ್ ಹರಿದು ಕೊಡುವಾಗ ಅಕ್ಕನ ಮಗಳು ಅವರನ್ನೇ ಹಿಡಿದು ನಾರಾಯಣಪುರಕ್ಕೆ ಬೆಳಗಿನ ಮೊದಲ ಬಸ್ ಎಷ್ಟಕ್ಕೆ ಎಂದು ಕೇಳಿಕೊಂಡಳು. ಮುಂದಿನ ಸಲ ಅಣೆಕಟ್ಟಿನಿಂದಲೇ ಶುರುಮಾಡಿ, ನೀರಿನ ಜೊತೆಜೊತೆಗೆ ಹುಣಸಗಿಗೆ ಬರುವುದೆಂದು ಅವಳ ತೀರ್ಮಾನ. ನಾನು ಒಪ್ಪಿದ್ದೇನೆ.