ಮಷಿನ್ ಇದ್ದರೂ ಆಳು ಯಾಕೆ?

ಇವತ್ತು ನಮ್ಮ ರಸ್ತೆಯಲ್ಲಿ ಒಳಚರಂಡಿ ಕಟ್ಟಿಕೊಂಡಿತ್ತು. ಜೋರಾಗಿ ನೀರು ಹಾಯಿಸಿ ಚರಂಡಿ ಬಿಡಿಸುವ ಜೆಟ್ಟಿಂಗ್ ಗಾಡಿ ಬಂತು, ಮ್ಯಾನ್‌ಹೋಲ್ ಮುಚ್ಚಳ ತೆಗೆದು ಪೈಪ್ ಇಳಿಸಿದರು, ಸ್ವಲ್ಪ ಹೊತ್ತಿಗೆ ನೀರು ಹರಿಯಿತು. ಯಾರೂ ಒಳಗೆ ಇಳಿಯಲಿಲ್ಲ. ಇಷ್ಟು ಸಲೀಸಾದ ಕೆಲಸಕ್ಕೆ ಈಗಲೂ ಜನ ಉಸಿರುಗಟ್ಟಿ ಸಾಯುತ್ತಾರಲ್ಲ, ಸಿಟ್ಟು ಬರುತ್ತದೆ.

ಬೆಜವಾಡ ವಿಲ್ಸನ್ ನೆನಪಾದರು. ನಮ್ಮ ಕೋಲಾರದ ಕೆಜಿಎಫ್‌ನವರು. ಕೆಜಿಎಫ್ ಅಂದರೆ ಎಲ್ಲರಿಗೂ ಚಿನ್ನವೇ ಕಣ್ಣಿಗೆ ಬರುವುದು, ಅಲ್ವಾ? ಅದೇ ಊರಲ್ಲಿ ಒಣ ಪಾಯಿಖಾನೆಗಳಿದ್ದವು. ಬಕೆಟ್‌ನಲ್ಲಿ ಮಲ ತುಂಬಿ ಹೊರುವವರಿದ್ದರು. ವಿಲ್ಸನ್ ಅವರ ಅಪ್ಪನೂ ಸಫಾಯಿ ಕೆಲಸದವರೇ. ಮಗ ಅಲ್ಲಿಂದಲೇ ಹೋರಾಟ ಶುರು ಮಾಡಿದರು, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತೋ!

ಮಲ ಹೊರುವುದರ ವಿರುದ್ಧ 1993ರಲ್ಲೇ ಕಾನೂನು ಬಂತು, 2013ರಲ್ಲಿ ಇನ್ನೊಂದು. ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಪರಿಹಾರ ಏರಿತು, ಸರಿ. ಸಾವು ನಿಂತಿತಾ?

ಸುಮ್ನೆ ಸರ್ಕಾರವನ್ನು ಬೈದರೆ ಆಗಲ್ಲ. ಪಾಯಿಖಾನೆ ಪಿಟ್‌ಗೆ ಆಳು ಇಳಿಸುವವರಲ್ಲಿ ಮನೆ ಮಾಲೀಕರು, ಅಪಾರ್ಟ್‌ಮೆಂಟ್‌ನವರೂ ಇರುತ್ತಾರೆ. ನಾಲ್ಕು ಕಾಸು ಉಳಿಯುತ್ತೆ ಅಂತ. ಭಾನುವಾರ ನಮ್ಮಲ್ಲಿ ಮೀಟಿಂಗ್ ಇದೆ. ಪಾರ್ಕಿಂಗ್ ಜಗಳ ಹೇಗೂ ಇದ್ದೇ ಇರುತ್ತದೆ. ಅದು ಮುಗಿದ ಮೇಲೆ, ಪಾಯಿಖಾನೆ ಟ್ಯಾಂಕ್ ಕ್ಲೀನ್ ಮಾಡುವ ಗುತ್ತಿಗೆಯವರು ಮಷಿನ್ ತರುತ್ತಾರಾ, ಆಳು ಇಳಿಸುತ್ತಾರಾ ಅಂತ ಕೇಳಬೇಕು. ನೀವೂ ನಿಮ್ಮಲ್ಲಿ ಕೇಳಿ ನೋಡಿ.