ಈ ವಯಸ್ಸಲ್ಲಿ ಅಕ್ಷರ ತಿದ್ದೋದಾ?

ಯಾವ ತರಬೇತಿಗೆ ಹೋದರೂ, ಯಾವ ಮದುವೆ ಮನೆಗೆ ಹೋದರೂ ಈ ಮಾತು ಬಂದೇ ಬರುತ್ತದೆ. "ಮೇಡಂ, ನಲವತ್ತು ದಾಟಿದ ಮೇಲೆ ಕೈಬರಹ ಬದಲಾಯಿಸಿಕೊಂಡ್ರಂತೆ, ಹೌದಾ? ಒಂದನೇ ಕ್ಲಾಸಿನ ಮಕ್ಕಳಿಗೆ ಅಷ್ಟೆಲ್ಲ ಬೇಕಾ?" ಕೇಳುವವರಲ್ಲಿ ಅರ್ಧ ಜನ ಶಿಕ್ಷಕರು. ಇನ್ನರ್ಧ, ಮನೆಯಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡು ಅಕ್ಷರ ಹೇಳಿಕೊಡಲು ಹೊರಟ ಅಪ್ಪ ಅಮ್ಮಂದಿರು. ಪ್ರತಿ ಸಲವೂ ಅರ್ಧಂಬರ್ಧ ಉತ್ತರ ಕೊಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದಿದ್ದೇನೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ನನ್ನ ಅಕ್ಷರ ಕೆಟ್ಟದಾಗೇನೂ ಇರಲಿಲ್ಲ, ಅದು ಮೊದಲು ಗೊತ್ತಿರಲಿ. ಕಾಗೆ ಕಾಲು ಗುಬ್ಬಿ ಕಾಲು ಅಂತ ಯಾರೂ ಅಂದಿರಲಿಲ್ಲ. ಹದಿನಾಲ್ಕು ವರ್ಷ ಆರು, ಏಳನೇ ತರಗತಿಗೆ ಪಾಠ ಮಾಡಿದವಳು ನಾನು. ಗಂಟೆ ಹೊಡೆಯುವುದರೊಳಗೆ ಬೋರ್ಡು ತುಂಬಬೇಕು, ಅಂಥ ಓಟದ ಬರಹ. ಆ ಮಕ್ಕಳಿಗೆ ಓದು ಬರುತ್ತಿತ್ತು. ನಾನು ಅರ್ಧ ಗೀಚಿದರೂ ಉಳಿದರ್ಧ ಅವರೇ ಊಹಿಸಿಕೊಳ್ಳುತ್ತಿದ್ದರು.

ಆಮೇಲೆ ನಲಿಕಲಿ ತರಗತಿ ನನ್ನ ಪಾಲಿಗೆ ಬಂತು. ಗೊತ್ತಿಲ್ಲದವರಿಗೆ ಎರಡು ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು ಶುರುಮಾಡಿದ ಪದ್ಧತಿ ಇದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಕಪ್ಪುಹಲಗೆಯೂ ಅವರ ಎತ್ತರಕ್ಕೇ, ಗೋಡೆಯ ಕೆಳಭಾಗದಲ್ಲಿ. ಕಲಿಕೆ ಅ ಆ ಇ ಈ ಅಂತ ಶುರುವಾಗುವುದಿಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಮೊದಲಿನ ಐದು ಅಕ್ಷರ ಬಂದರೆ ಸಾಕು, ಸರ, ಅರಸ, ಗರಗಸ ಎಲ್ಲ ಓದಬಹುದು. ಅ ಆ ಇ ಈ ಕಲಿತು ಮುಗಿಸಿದರೂ ಓದಲು ಪದವೇ ಸಿಗದ ನಮ್ಮ ಕಾಲದ ಕಷ್ಟ ಇವರಿಗಿಲ್ಲ.

ಎರಡನೇ ವಾರ. ಕುಕ್ಕರುಗಾಲಲ್ಲಿ ಕೂತು ಕೆಳಗಿನ ಬೋರ್ಡಿನ ಮೇಲೆ ರ ಬರೆದೆ. ಒಬ್ಬ ಹುಡುಗ ಸ್ಲೇಟು ತಂದು ತೋರಿಸಿದ. ಸ್ಲೇಟಿನ ತುಂಬ ಸೊನ್ನೆ.

"ತಲಕಟ್ಟು ಎಲ್ಲೋ?"

"ನೀವೂ ಹಾಕಿಲ್ಲ ಮಿಸ್."

ತಿರುಗಿ ನೋಡಿದೆ. ನಿಜ, ಹಾಕಿರಲಿಲ್ಲ. ಹಾಕಿದ್ದೇನೆ ಅಂತ ನನ್ನ ಕೈ ಅಂದುಕೊಂಡಿತ್ತು ಅಷ್ಟೇ. ಅದೇ ದಿನ ಮಧ್ಯಾಹ್ನ ಮೂರನೇ ತರಗತಿಯ ಹುಡುಗಿ ನಾನು ಬರೆದ "ಸರ"ವನ್ನು "ಸಂ" ಅಂತ ಓದಿದಳು. ಅವಳದೇನು ತಪ್ಪು? ತಲಕಟ್ಟಿಲ್ಲದ ರ ಸೊನ್ನೆಯೇ ಅಲ್ವಾ?

ಆಮೇಲೆ ಹಾವಿನ ಸರದಿ. ಕೊಂಬು ಕೊಡುವಾಗ ಬಹಳ ಅಕ್ಷರಗಳಿಗೆ ಬಲಗಡೆ ಪಕ್ಕಕ್ಕೇ ಕೊಡುತ್ತೇವೆ. ಪ, ಫ, ವ ಬಂದಾಗ ಮಾತ್ರ ಕೆಳಗೆ ಇಳಿಸಬೇಕು. ಯಾಕೆ ಅಂದರೆ, ವ ಪಕ್ಕಕ್ಕೆ ಕೊಂಬು ಎಳೆದರೆ ಅದು ಮ ಆಗಿಬಿಡುತ್ತದೆ. ಇದನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ನನ್ನ ಓಟದ ಬರಹ ಮಾತ್ರ ಆ ನಿಯಮವನ್ನು ಯಾವತ್ತೋ ಮರೆತಿತ್ತು. "ಹಾವು ಬಂತು" ಅಂತ ಬರೆದರೆ ಇಡೀ ಗುಂಪು "ಹಾಮ ಬಂತು" ಅಂತ ಕೂಗಿತು. ನಗು ಬಂತು, ನಾಚಿಕೆಯೂ ಆಯಿತು.

ಆ ರಾತ್ರಿ ನನ್ನ ಹಳೆಯ ಪಾಠಟಿಪ್ಪಣಿ ತೆಗೆದು, ಬೇರೆಯವರ ಪುಸ್ತಕ ತಿದ್ದುವ ಹಾಗೆ ಕೆಂಪು ಪೆನ್ನು ಹಿಡಿದು ಕೂತೆ. ಒಂದೇ ಪುಟದಲ್ಲಿ ಮೂರು ನಮೂನೆಯ ರ. ಒತ್ತಕ್ಷರಗಳಂತೂ ಎಲ್ಲ ಒಂದೇ, ಕೆಳಗೊಂದು ಹುಳು ಬಿಟ್ಟ ಹಾಗೆ. ನ ಒತ್ತೋ ಮ ಒತ್ತೋ ನನಗೇ ತಿಳಿಯಲಿಲ್ಲ.

ಮರುದಿನ ಅಂಗಡಿಗೆ ಹೋಗಿ ಎರಡು ಗೆರೆ ಪುಸ್ತಕ ಕೇಳಿದೆ. "ಮಗು ಯಾವ ಕ್ಲಾಸ್ ಮೇಡಂ?" ಅಂದ ಅಂಗಡಿಯವನು. "ಒಂದನೇ ಕ್ಲಾಸ್" ಅಂದೆ. ಸುಳ್ಳೇನಲ್ಲ.

ಮಕ್ಕಳು ನೋಡಿ ಕಲಿಯುವ ನಲಿಕಲಿ ಕಾರ್ಡಿನ ಅಕ್ಷರವನ್ನೇ ಮಾದರಿ ಇಟ್ಟುಕೊಂಡೆ. ನೆಟ್ಟಗೆ ನಿಂತ, ದುಂಡಗಿನ, ಒಂದಕ್ಕೊಂದು ಅಂಟದ ಅಕ್ಷರ. ದಿನಾ ಬೆಳಗ್ಗೆ ಕುಕ್ಕರ್ ಮೂರು ಸಲ ಕೂಗುವಷ್ಟು ಹೊತ್ತು ಬರೆಯುತ್ತಿದ್ದೆ. ಮೊದಲ ವಾರ ನಾನು ಬರೆಯಲಿಲ್ಲ, ಬಿಡಿಸಿದೆ. ರಂಗೋಲಿ ಇಡುವವರ ಹಾಗೆ. ಹೆಬ್ಬೆರಳು ನೋವು ಬಂತು. ಬಾಲ್ ಪೆನ್ನು ಜಾರುತ್ತಿತ್ತು, ಕೈ ಹಳೇ ಓಟಕ್ಕೇ ಹೊರಡುತ್ತಿತ್ತು. ಕೊನೆಗೆ ಸ್ಲೇಟು, ಬಳಪ ತಂದೆ. ಬಳಪ ಕೈಯನ್ನು ಹಿಡಿದು ನಿಲ್ಲಿಸುತ್ತದೆ, ಓಡಲು ಬಿಡುವುದಿಲ್ಲ. ನಮ್ಮಜ್ಜ ನನಗೆ ತಿದ್ದಿಸಿದ ಹಾಗೆ ದೊಡ್ಡದಾಗಿ ಒಂದು ಅಕ್ಷರ ಬರೆದುಕೊಂಡು, ಅದರ ಮೇಲೇ ಇಪ್ಪತ್ತು ಸಲ ತಿದ್ದಿದೆ. ಮಗಳು ಹಲ್ಲುಜ್ಜುತ್ತ ಬಂದು ನೋಡಿ, "ಅಮ್ಮ, ಗೆರೆ ದಾಟಿದೆ" ಅಂತ ಹೇಳಿ ಹೋದಳು.

ಹೀಗೆ ತಿದ್ದುವಾಗಲೇ ಅಕ್ಷರಗಳ ನಂಟು ಕೈಗೆ ಗೊತ್ತಾಗಿದ್ದು. ರ ಬಂದರೆ ಒಳಗೊಂದು ಚುಕ್ಕಿ ಇಟ್ಟು ಠ. ಪ ಬಂದರೆ ಹೊಟ್ಟೆಗೊಂದು ಗೆರೆ ಎಳೆದು ಷ. ದ ಬಂದರೆ ಕೆಳಗೆ ಸೀಳಿ ಧ. ಕಣ್ಣಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಮಕ್ಕಳು ಎಲ್ಲಿ ತಡೆಯುತ್ತಾರೆ, ಎಲ್ಲಿ ಬಳಪ ಎತ್ತಿ ನನ್ನ ಮುಖ ನೋಡುತ್ತಾರೆ ಅನ್ನುವುದು ಕಾಣಿಸತೊಡಗಿದ್ದೂ ಆಗಲೇ. ನಾನೂ ಬೆಳಗ್ಗೆ ಅಲ್ಲೇ ತಡೆದಿರುತ್ತಿದ್ದೆ.

ಎಷ್ಟು ದಿನ ಹಿಡಿಯಿತು ಅಂತ ಕೇಳುತ್ತಾರೆ. ರ ನಾಲ್ಕು ದಿನಕ್ಕೆ ಬಂತು. ಒತ್ತಕ್ಷರ ಎಲ್ಲ ಸೇರಿ ಸುಮಾರು ನಾಲ್ಕು ತಿಂಗಳು. ಹಳೇ ಬರಹ ಹೋಗಿಬಿಟ್ಟಿತಾ? ಇಲ್ಲ. ರಜೆ ಅರ್ಜಿ, ಕಿರಾಣಿ ಚೀಟಿ ಈಗಲೂ ಅದರಲ್ಲೇ. ಎಚ್ಚರಿಕೆಯ ಮಾತೊಂದಿದೆ: ಸಹಿಯನ್ನು ಮಾತ್ರ ಮುಟ್ಟಬೇಡಿ. ಹೊಸ ಹುರುಪಿನಲ್ಲಿ ಸಹಿಯನ್ನೂ ದುಂಡಗೆ ಮಾಡಿದೆ, ಚೆಕ್ಕು ವಾಪಸ್ ಬಂತು. ಬ್ಯಾಂಕಿನ ಕೌಂಟರಿನಲ್ಲಿ ನಿಂತು ಹಳೇ ಸಹಿ ಹೇಗಿತ್ತು ಅಂತ ನೆನಪಿಸಿಕೊಳ್ಳಬೇಕಾಯಿತು.

ನಮ್ಮ ಶಾಲೆಯ ಮೇಷ್ಟ್ರೊಬ್ಬರು ಇದನ್ನು ಒಪ್ಪುವುದಿಲ್ಲ. "ಮಕ್ಕಳು ಕಾರ್ಡ್ ನೋಡಿ ಕಲೀತಾರೆ, ನಿಮ್ಮ ಅಕ್ಷರ ನೋಡಿ ಅಲ್ಲ ಬಿಡಿ" ಅನ್ನುತ್ತಾರೆ. ಕಾರ್ಡಿನಲ್ಲಿರುವುದು ಬರೆದು ಮುಗಿದ ಅಕ್ಷರ. ಎಲ್ಲಿ ಶುರು, ಯಾವ ಕಡೆ ತಿರುಗು, ಎಲ್ಲಿ ಕೈ ಎತ್ತು ಅನ್ನುವುದನ್ನು ಅದು ತೋರಿಸುವುದಿಲ್ಲ. ಅದು ಬರೆಯುತ್ತಿರುವ ಕೈಯಲ್ಲಿ ಮಾತ್ರ ಕಾಣುತ್ತದೆ. ಮಕ್ಕಳು ನೋಡುವುದೂ ಕೈಯನ್ನೇ.

ಹಾಗಂತ ಇದು ಅಂದದ ಅಕ್ಷರದ ವಿಷಯ ಅಲ್ಲ. ದುಂಡು ಬರಹದ ಸ್ಪರ್ಧೆಗಳ ಮೇಲೆ ನನಗೆ ಅಂಥ ಪ್ರೀತಿಯೇನಿಲ್ಲ. ಮುತ್ತು ಪೋಣಿಸಿದ ಹಾಗೆ ಬರೆದು, ಸ್ವಂತ ಎರಡು ವಾಕ್ಯ ಬರೆ ಅಂದರೆ ಪೆನ್ಸಿಲ್ ಕಚ್ಚುತ್ತ ಕೂರುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಅಪ್ಪ ಅಮ್ಮಂದಿರು ಇಡೀ ಬರಹವನ್ನೇನೂ ಬದಲಾಯಿಸಬೇಕಿಲ್ಲ. ನಾಳೆ ಮಗುವಿಗೆ ಯಾವ ಅಕ್ಷರ ತೋರಿಸುತ್ತೀರೋ, ಇವತ್ತು ರಾತ್ರಿ ಅದೊಂದನ್ನು ಸ್ಲೇಟಿನ ಮೇಲೆ ತಿದ್ದಿ ನೋಡಿ, ಸಾಕು.

ಮೊನ್ನೆ ಯಾವುದೋ ಮಾಹಿತಿ ಬೇಗ ಕಳಿಸಬೇಕಿತ್ತು, ಆ ಅವಸರದಲ್ಲಿ ಕೆಳಗಿನ ಬೋರ್ಡಿನ ಮೇಲೆ "ಗರಗಸ" ಅಂತ ಗೀಚಿ ಫೋನು ಹಿಡಿದುಕೊಂಡು ಹೊರಗೆ ಹೋದೆ. ವಾಪಸ್ ಬರುವಾಗ ಒಂದನೇ ತರಗತಿಯ ಪುಟ್ಟಿಯೊಬ್ಬಳು ಚಾಕ್‌ಪೀಸ್ ಹಿಡಿದು ಬೋರ್ಡಿನ ಮುಂದೆ ಕೂತಿದ್ದಳು. ನನ್ನ ರ ಮೇಲೊಂದು ತಲಕಟ್ಟು ಇಟ್ಟು, ಕೈ ಲಂಗಕ್ಕೆ ಒರೆಸಿಕೊಂಡು ತನ್ನ ಗುಂಪಿಗೆ ಹೋಗಿ ಕೂತಳು.